ರಾಜಪಾರ್ಟಿನವರು ಕಟ್ಟಿದ ಎಳೆ

ಮಾದಯ್ಯನ ಮನೆಯ ಗೋಡೆಯಲ್ಲಿ ಚೌಡೇಶ್ವರಿ ಅಮ್ಮನ ಪಟದ ಪಕ್ಕಕ್ಕೇ ಇನ್ನೊಂದು ಪಟ ನೇತಾಡುತ್ತಿತ್ತು. ನಾಟಕದ ನೋಟೀಸಿನಿಂದ ಕತ್ತರಿಸಿ, ನೂಲಿಗೆ ಹಾಕುವ ಗಂಜಿಯಿಂದಲೇ ರಟ್ಟಿಗೆ ಅಂಟಿಸಿದ ಪಟ. ಕಿರೀಟ, ಕತ್ತಿ, ತಿರುವಿದ ಮೀಸೆ. ಅವರೇ ರಾಜಪಾರ್ಟು ತಂಜಾವೂರು ಅರುಣಾಚಲಂ. ರಾಜನ ವೇಷಕ್ಕೆ ಈ ಕಡೆ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಮಾದಯ್ಯನ ಹೆಂಡತಿ ಚಿನ್ನಕ್ಕ ಅಮ್ಮನವರಿಗೆ ಹೂವು ಮುಡಿಸುವಾಗಲೆಲ್ಲ ಆ ಮೀಸೆಯ ಕಡೆ ತಿರುಗಿ, "ಯಾಕಪ್ಪಾ, ನಿಂಗೂ ಬೇಕಾ?" ಅಂತ ಕೇಳುವಳು. ಮಾದಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥಾ ಅರುಣಾಚಲಂ ತಮ್ಮ ಕಂಪನಿಯೊಂದಿಗೆ ಸೇಲಂಗೇ ಬಂದಿಳಿದರು. ಅದೂ ಎಲ್ಲಿ? ಗುಗೈ ಕಡೆಯ, ಮಾದಯ್ಯನ ಮನೆಯಿರುವ ಇದೇ ನೇಕಾರರ ಬೀದಿಯ ಕೊನೆಯಲ್ಲಿದ್ದ ಬಂಗಲೆಗೆ. ಮಾದಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟ ನಿದ್ದೆ ಬಿಟ್ಟು, ಅಂಚಿಗೆ ಜರಿ ಕೊಟ್ಟು, ಒಂದು ಅಂಗವಸ್ತ್ರ ನೇಯ್ದ. ನೇಯ್ದವನು ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ? ಬೀದಿಗೆಲ್ಲ ಸಾರಿದ.

"ಶನಿವಾರ ರಾತ್ರಿ ದರ್ಬಾರ್ ಸೀನ್‌ನಾಗೆ ಇದೇ ಅವ್ರ ಎಗಲ ಮ್ಯಾಲೆ ಇರ್ತೈತೆ, ನೋಡ್ತಾ ಇರ್ರಿ."

ಎದುರುಮನೆ ಶಿವಲಿಂಗಂ ಸುಮ್ಮನಿರುವ ಆಸಾಮಿಯಲ್ಲ. "ಅವ್ರು ಅದನ್ನ ಎಗಲಿಗೆ ಆಕ್ಕೊಂಡ್ರೆ ನಾನು ಅರ್ಧ ಮೀಸೆ ಬೋಳಿಸ್ಕೊತೀನಿ ಕಣಪ್ಪಾ. ಆಕ್ಕೊಳ್ದೇ ಓದ್ರೆ?"

"ನಂದು ಬೋಳಿಸ್ಕೊತೀನಿ ಓಗು!" ಅಂದುಬಿಟ್ಟ ಮಾದಯ್ಯ. ಪೂರ್ತಿ ಬೋಳಿಸಿದರೆ ಯಾವುದೋ ಹರಕೆ ಅನ್ನಬಹುದು. ಅರ್ಧ ಬೋಳಿಸಿಕೊಂಡವನು ಊರಿಗೆ ಏನು ಹೇಳಬೇಕು?

ಗುರುವಾರ ಗಂಡ ಹೆಂಡತಿ ಇಬ್ಬರೂ ಬಂಗಲೆಯ ಬಾಗಿಲಿಗೆ ಹೋದರು. ಅರುಣಾಚಲಂ ಕಂಪನಿಯವರ ನಡುವೆ ಮೆಟ್ಟಿಲು ಇಳಿಯುತ್ತ ಎಡಕ್ಕೊಂದು ಬಲಕ್ಕೊಂದು ನಗೆ ಚೆಲ್ಲುತ್ತ ಬಂದರು. ಅಂಗವಸ್ತ್ರ ಕೈಗೆ ತಗೊಂಡು ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಅವರ ಮುಖ ಅರಳಿದ್ದನ್ನು ಚಿನ್ನಕ್ಕ ಕಣ್ಣಾರೆ ಕಂಡಳು. ಮಾದಯ್ಯ ಹಿಗ್ಗಿನಲ್ಲಿ ಕಲಿತುಕೊಂಡು ಬಂದಿದ್ದ ತಮಿಳನ್ನೆಲ್ಲ ಮರೆತು, ಮನೆಮಾತು ಕನ್ನಡದಲ್ಲೇ ಶುರುಮಾಡಿದ.

"ನನ್ ಕೈಯಾರೆ ನೇಯ್ದಿದ್ದು ಸಾಮಿ. ನಾವು ಇದೇ ಬೀದಿ ನೇಕಾರ್ರು..."

ಆ ಮುಖದ ನಗು ಅಲ್ಲಿಗೇ ನಿಂತಿತು. ಅರುಣಾಚಲಂ ಬಟ್ಟೆಯನ್ನು ಡ್ರೈವರನ ಕಡೆ ಎಸೆದು, ಕಾರು ಒರೆಸುವುದಕ್ಕೆ ಇಟ್ಟುಕೋ ಅಂತ ತಮಿಳಿನಲ್ಲಿ ಹೇಳಿ, ಹಿಂದಕ್ಕೂ ನೋಡದೆ ಕಾರು ಹತ್ತಿ ಹೋದರು.

ಆವತ್ತಿಂದ ಮಾದಯ್ಯ ಮಗ್ಗದ ಗುಂಡಿಗೆ ಇಳಿಯಲಿಲ್ಲ. ಮೀಸೆಯ ಮೇಲೆ ಕೈಯಿಟ್ಟು ಮೂಲೆಯಲ್ಲಿ ಕೂತ. ಬೈದಿದ್ದರೆ, ಅತ್ತಿದ್ದರೆ ಚಿನ್ನಕ್ಕನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ನಂದೇ ತಪ್ಪು ಚಿನ್ನಿ. ಅವಸರದಾಗೆ ಓಗೋರನ್ನ ತಡೆದೆ," ಅಂದನಲ್ಲ, ಆಗ ಅವಳ ಹೊಟ್ಟೆಗೆ ಬೆಂಕಿ ಬಿತ್ತು. ಅಷ್ಟರಲ್ಲಿ ಎದುರುಮನೆಯಿಂದ ಶಿವಲಿಂಗಂ, "ಮಾದಯ್ಯಾ, ಎಡಗಡೇದೋ ಬಲಗಡೇದೋ?" ಅಂತ ಕೂಗಿ ಕೇಳಿದ.

"ಇರು ಮಗನೇ," ಅಂದಳು ಚಿನ್ನಕ್ಕ. ಅಂದದ್ದು ಶಿವಲಿಂಗನಿಗೋ ಪಟಕ್ಕೋ, ಅವಳಿಗೇ ಗೊತ್ತು.

ಆ ಬೀದಿಗೊಂದು ಕಟ್ಟಳೆಯಿತ್ತು. ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ಉದ್ದನೆಯ ಎಳೆಗಳನ್ನೆಲ್ಲ ಬೀದಿಯುದ್ದಕ್ಕೂ ಕವೆಗೋಲುಗಳ ಮೇಲೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುತ್ತಾರೆ. ಒಣಗುವ ತನಕ ಅದನ್ನು ಎತ್ತುವ ಹಾಗಿಲ್ಲ, ದಾಟುವ ಹಾಗಿಲ್ಲ. ಮದುವೆ ದಿಬ್ಬಣವಾದರೂ ಸುತ್ತಿಕೊಂಡೇ ಹೋಗಬೇಕು. ಎಳೆ ಕಡಿದರೆ ಕಂಡವನು ಕಟ್ಟಬೇಕು, ಅದು ಯಾರ ಹಾಸಾದರೂ ಸರಿ. ಕಂಡೂ ಕಟ್ಟದೆ ಹೋದವನ ಮನೆಯಲ್ಲಿ ಲಾಳಿ ಓಡುವುದಿಲ್ಲ ಅಂತ ಎಳೆಮಕ್ಕಳಿಗೂ ಹೇಳಿ ಬೆಳೆಸುತ್ತಾರೆ. ಬಂಗಲೆಯ ಕಾರಿಗೆ ಈ ಬೀದಿ ಬಿಟ್ಟು ಬೇರೆ ದಾರಿಯಿರಲಿಲ್ಲ. ಶನಿವಾರ ಬೆಳಿಗ್ಗೆ ರಾಜಪಾರ್ಟಿನವರಿಗೆ ಶಂಕಗಿರಿಯ ಜಮೀನುದಾರರ ಮನೆಯಲ್ಲಿ ತಿಂಡಿ ಅನ್ನುವುದು ಊರಿಗೇ ಗೊತ್ತಿತ್ತು.

ಚಿನ್ನಕ್ಕ ನೆರೆಯವಳ ಜೊತೆ ಬೀದಿಯಲ್ಲಿ ಹಾಸು ಬಿಗಿಯುವ ಸರದಿ ಬದಲಾಯಿಸಿಕೊಂಡು ಬಂದು ಗಂಡನ ಮುಂದೆ ನಿಂತಳು. "ಏಳ್ರಿ. ನಾಳೆ ಶನಿವಾರ ನಮ್ ಆಸು."

"ನಾಳೆ ನಮ್ದಲ್ವಲ್ಲೇ?"

"ನಮ್ದೇ. ಎದ್ದು ಗಂಜಿ ಕಾಸ್ರಿ."

ಬೆಳಗಾಗುವುದರೊಳಗೆ ಹಾಸು ಬೀದಿಯ ಈ ತಲೆಯಿಂದ ಆ ತಲೆಗೆ ಬಿಗಿದು ನಿಂತಿತು. ಇಕ್ಕೆಲದಲ್ಲೂ ನೆಂಟರು, ನೆರೆಯವರು ಕುಂಚ ಹಿಡಿದಿದ್ದರು. ಶಿವಲಿಂಗನೂ ಬಂದಿದ್ದ. ಹಾಸು ತೀಡಲು ಕರೆದರೆ ಹಗೆಯವನೂ ಬರಬೇಕು. ಗಂಜಿ ಹಸಿಯಾಗಿ ಮಿನುಗುತ್ತಿರುವಾಗ ಕಾರು ಬಂತು. ಪೋಂ ಪೋಂ ಅಂತ ಬಡಿದುಕೊಂಡಿತು. ಯಾರೂ ತಲೆ ಎತ್ತಲಿಲ್ಲ.

ಅರುಣಾಚಲಂ ಇಳಿದರು. ರೇಷ್ಮೆ ಜುಬ್ಬ, ಅತ್ತರಿನ ಘಮ. "ಎಡುಮ್ಮಾ ಅದೆ! ನೇರಮಾಚ್ಚು!" ಎತ್ತು ಅದನ್ನು, ಹೊತ್ತಾಯಿತು ಅಂತ ತಮಿಳಿನಲ್ಲಿ ಗದರಿದರು.

ಚಿನ್ನಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಒತ್ತಾದ್ರೆ ಆಗ್ಲಿ ಸಾಮಿ, ಒಣಗದೆ ಎತ್ತಾಕಾಗಕಿಲ್ಲ. ಈಗೆತ್ತಿದ್ರೆ ಎಳೆಗೆಳೆ ಅಂಟ್ಕೊಂಡು ಗಂಟಾಯ್ತದೆ. ಆಮೇಲೆ ನಿಮ್ ರಟ್ಟಿನ ಕತ್ತಿ ತಂದ್ರೂ ಬುಡಿಸಾಕಾಗಲ್ಲ."

ಬೀದಿಯೆಲ್ಲ ಕಿಸಕ್ಕನೆ ನಕ್ಕಿತು. ದೂರದ ಕೊನೆಯಲ್ಲಿ ಕುಂಚ ಹಿಡಿದಿದ್ದ ಮಾದಯ್ಯ ಮಾತ್ರ, "ಅಯ್ಯಯ್ಯೋ, ರಾಜಪಾರ್ಟಿನವ್ರನ್ನ ನಿಲ್ಸವ್ಳೆ!" ಅಂತ ನಡುಗಿಹೋದ. ಅರುಣಾಚಲಂ ಸಿಟ್ಟಿನಿಂದ ಕೆಂಪಾಗಿ, ನಡೆದೇ ಹೋಗುತ್ತೇನೆಂದು ಹಾಸಿನ ಪಕ್ಕದಲ್ಲೇ ಹೆಜ್ಜೆ ಹಾಕಿದರು.

ಆಗ ಅವರ ಮೂಗಿನ ಮುಂದೆಯೇ ಟಪ್ಪಂತ ಒಂದು ಎಳೆ ಕಡಿಯಿತು. ಇದು ಚಿನ್ನಕ್ಕನ ಕೈವಾಡವಲ್ಲ. ಅಮ್ಮನವರ ಆಣೆಗೂ ಅಲ್ಲ.

ಅರುಣಾಚಲಂ ನಿಂತರು. ಅವರ ಕೈ ಅವರನ್ನು ಕೇಳದೆಯೇ ಮುಂದೆ ಹೋಯಿತು. ಎರಡು ತುದಿಗಳನ್ನು ಹಿಡಿದು, ನಾಲಗೆಗೆ ಸೋಕಿಸಿ, ಹೆಬ್ಬೆರಳಿನಲ್ಲಿ ಒಂದು ಹೊರಳು ಹೊರಳಿಸಿ ಬಿಗಿದರು. ಮಿಕ್ಕ ದಾರದ ಬಾಲವನ್ನು ಬಗ್ಗಿ ಹಲ್ಲಿನಿಂದ ಕಡಿದರು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯಿತು. ಬೀದಿಯವರೆಲ್ಲ ರೇಷ್ಮೆ ಜುಬ್ಬಕ್ಕೆ ಅಂಟಿದ ಗಂಜಿಯನ್ನು ನೋಡುತ್ತಿದ್ದರು. ಚಿನ್ನಕ್ಕ ಒಬ್ಬಳೇ ಬೆರಳುಗಳನ್ನು ನೋಡಿದಳು.

ಹತ್ತಿರಕ್ಕೆ ಸರಿದು ಪಿಸುಗುಟ್ಟಿದಳು. "ಸಾಮಿಗಳದು ಯಾವೂರು?"

"ತಂಜಾ..." ಅಂದರು. ದಾರದ ಬಾಲ ಇನ್ನೂ ತುಟಿಯ ಮೇಲೆ ಅಂಟಿಕೊಂಡಿತ್ತು.

"ಮೊದ್ಲು ಬಾಯಾಗಿರೋ ದಾರ ಉಗೀರಿ. ಆಮೇಲೆ ಸುಳ್ಳು ಏಳೀರಂತೆ."

ತಂಜಾವೂರು ಅರುಣಾಚಲಂ ದಾರ ಉಗಿದರು. ಆಮೇಲೆ ಮೆಲ್ಲಗೆ, ಯಾವ ನಾಟಕದಲ್ಲೂ ಆಡದಿದ್ದ ಮಾತಿನಲ್ಲಿ ಬೇಡಿಕೊಂಡರು. "ಅಕ್ಕಾ, ಮೆಲ್ಲಗೆ ಮಾತಾಡಕ್ಕಾ. ತಾರಮಂಗಲದ ತಾವ ನಮ್ಮೂರು. ನಮ್ಮಪ್ಪಂದೂ ಗುಂಡಿ ಮಗ್ಗ. ನೇಕಾರನ ಮಗ ಕಿರೀಟ ಇಟ್ರೆ ಯಾರು ನೋಡ್ತಾರೆ ಅಂತ ಕಂಪನಿಯೋರು ಊರೇ ಬದಲಾಯ್ಸಿದ್ರು. ಆವತ್ತು ನಿಮ್ ಯಜಮಾನ್ರು ನಮ್ ಮಾತು ಆಡಿದ್ರಲ್ಲ, ನನ್ ಬಾಯಿಗೂ ಅದೇ ಬಂದ್ಬುಟ್ಟಿತ್ತು. ಎಲ್ರೂ ನಿಂತಿದ್ರು. ಎದ್ರಿಕೊಂಡ್ಬುಟ್ಟೆ ಕಣಕ್ಕಾ."

ಚಿನ್ನಕ್ಕನ ಸಿಟ್ಟು ಜರ್ರಂತ ಇಳಿಯಿತು. ಆದರೂ ಅಷ್ಟು ಸುಲಭಕ್ಕೆ ಬಿಡುವವಳೇ? "ಎದ್ರಿಕೆ ಆದ್ರೆ ನೇಯ್ದಿದ್ದ ಬಟ್ಟೇಲಿ ಕಾರು ಒರೆಸ್ತಾರಾ?"

"ಒರೆಸಿಲ್ಲಕ್ಕಾ. ದಾರಿನಾಗೇ ಇಸ್ಕೊಂಡು ಪೆಟ್ಟಿಗೇಲಿ ಇಟ್ಟಿವ್ನಿ. ಆ ಅಂಚು ನಮ್ಮಪ್ಪ ನೇಯ್ದಂಗೇ ಐತೆ."

ಚಿನ್ನಕ್ಕ ಒಂದು ಗಳಿಗೆ ಆ ಮುಖವನ್ನೇ ನೋಡಿದಳು. ಬಣ್ಣವಿಲ್ಲದ ಮುಖ. "ಸರಿ. ಇವತ್ತು ರಾತ್ರಿ ಅದು ಪೆಟ್ಟಿಗೇಲಿ ಇರಬಾರ್ದು, ಎಗಲ ಮ್ಯಾಲಿರಬೇಕು. ಈಗ ನಮ್ಮನೇಲಿ ಮುದ್ದೆ ಐತೆ, ಬಾ."

"ಶಂಕಗಿರೀಲಿ ಕಾಯ್ತಿರ್ತಾರೆ..."

"ಆಸು ಒಣಗೋಗಂಟ ಕಾಯ್ಲಿ. ನನ್ ಬಾಯಿಂದ ಈ ಸುದ್ದಿ ಒರಗೆ ಬರಾಕಿಲ್ಲ, ಅಮ್ಮನವರಾಣೆ."

ರಾಜಪಾರ್ಟಿನವರು ತಾವಾಗಿಯೇ ತನ್ನ ಮನೆಯ ಹೊಸ್ತಿಲು ದಾಟಿದ್ದನ್ನು ಕಂಡ ಮಾದಯ್ಯ ಕುಂಚವನ್ನು ಗಂಜಿ ಮಡಕೆಗೆ ಎಸೆದು ಓಡಿ ಬಂದ. ಕೂರಿಸುವುದೆಲ್ಲಿ, ನಿಲ್ಲಿಸುವುದೆಲ್ಲಿ ತಿಳಿಯದೆ ಮನೆಯೊಳಗೆಲ್ಲ ಸುತ್ತಿದ. ಚಿನ್ನಕ್ಕ ಬಿಸಿ ಮುದ್ದೆ, ಹುರುಳಿ ಸಾರು ಇಟ್ಟಳು. ಅರುಣಾಚಲಂ ಮುರಿದರು, ಅದ್ದಿದರು, ಅಗಿಯದೆ ಗುಳುಂ ಅನ್ನಿಸಿದರು. ಇನ್ನೊಂದು ಮುದ್ದೆ ಕೇಳಿದರು.

"ನೋಡ್ದಾ ಚಿನ್ನಿ!" ಮಾದಯ್ಯ ಅಡುಗೆ ಮೂಲೆಗೆ ಬಂದು ಪಿಸುಗುಟ್ಟಿದ. "ಅನ್ನ ತಿನ್ನೋ ತಂಜಾವೂರ್ನೋರು! ಮೊದಲ್ನೇ ಸಲಕ್ಕೇ ಮುದ್ದೆ ನುಂಗೋದು ಕಲ್ತುಬುಟ್ರು!"

ಚಿನ್ನಕ್ಕ ಒಲೆಯ ಕಡೆ ತಿರುಗಿಕೊಂಡಳು.

ಹೊರಡುವಾಗ ಅರುಣಾಚಲಂ ಮಾದಯ್ಯನ ಎರಡೂ ಕೈ ಹಿಡಿದರು. ಮಗ್ಗದ ಮುಂದೆ ಹೋಗುವಾಗ ಬಗ್ಗಿ ಗುಂಡಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಆ ರಾತ್ರಿ ದರ್ಬಾರಿನ ಪರದೆ ಎದ್ದಾಗ ಮಾದಯ್ಯನ ಅಂಗವಸ್ತ್ರ ರಾಜನ ಹೆಗಲ ಮೇಲಿತ್ತು. ಕಂಪನಿಯ ಜರತಾರಿ ಶಾಲಿಗಿಂತ ಒಂದು ಕೈ ಮೇಲೇ ಮಿರುಗುತ್ತಿತ್ತು. ಮಾದಯ್ಯ ಹೋ ಅಂತ ಅತ್ತುಬಿಟ್ಟ.

ಭಾನುವಾರ ಬೆಳಿಗ್ಗೆ ಶಿವಲಿಂಗಂ ಅರ್ಧ ಮೀಸೆಯ ಮೇಲೆ ಟವಲು ಮುಚ್ಚಿಕೊಂಡು ಬಾಗಿಲು ತೆಗೆದ. ಚಿನ್ನಕ್ಕ ಅಮ್ಮನವರಿಗೆ ಹೂವು ಮುಡಿಸಿ, ಮಿಕ್ಕ ಒಂದನ್ನು ಏನೂ ಕೇಳದೆ ಪಕ್ಕದ ಪಟಕ್ಕೂ ಸಿಕ್ಕಿಸಿದಳು. ನಾಲಗೆ ತುದಿಯಲ್ಲಿ ನಿಂತ ಸುದ್ದಿ ಕೆಂಡದ ಹಾಗೆ ಸುಡುತ್ತಿತ್ತು. ಆಣೆಯಿಟ್ಟಾಗಿತ್ತಲ್ಲ, ಏನು ಮಾಡುವುದು?

ಮಾದಯ್ಯ ಹಾಸನ್ನು ಮಗ್ಗಕ್ಕೆ ಏರಿಸುತ್ತಿದ್ದವನು ಒಂದು ಕಡೆ ಬೆರಳಿಟ್ಟು ನಿಂತ. "ಚಿನ್ನಿ, ಬಾ ಇಲ್ಲಿ. ಇದೇ ನೋಡು, ಅವ್ರು ಕಟ್ಟಿದ ಎಳೆ. ನಮ್ಮನ್ನ ನೋಡ್ತಾ ನೋಡ್ತಾ ಕಲ್ತು ಕಟ್ಟಿದ್ದು!" ಅವನು ನಿಟ್ಟುಸಿರು ಬಿಟ್ಟ. "ಪಾಪ, ಎಲ್ಲೋ ತಂಜಾವೂರಿನಾಗೆ ಉಟ್ಟುಬುಟ್ರು. ನಮ್ಮೋರಾಗೆ ಉಟ್ಟಿದ್ರೆ ಎಂಥಾ ನೇಕಾರ ಆಗ್ತಿದ್ರು ಅಂತೀನಿ!"

ಚಿನ್ನಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು.