ಚಿಲ್ವಾ ಬತ್ತಿದ ವರ್ಷ

ಆ ವರ್ಷ ಚಿಲ್ವಾ ಸರೋವರ ಪೂರ್ತಿ ಬತ್ತಿಹೋಯಿತು. ಮೊದಲು ಜೊಂಡಿನ ಬುಡ ಕಂಡಿತು, ಆಮೇಲೆ ಮೀನುಗಾರರ ತೇಲುಮನೆಗಳು ನೆಲಹಿಡಿದು ಕೂತವು. ಅಕ್ಟೋಬರ್ ಹೊತ್ತಿಗೆ ಚಿಸೋಲೆ ಪಟ್ಟಣದ ಜನ ದೋಣಿಯ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದರು.

ಕೆಸರಿನಲ್ಲಿ ಹುದುಗಿದ ಮೀಸೆಮೀನು ಅಗೆಯಲು ಹೆಂಗಸರೆಲ್ಲ ಗುಂಪಾಗಿ ಹೋಗುತ್ತಿದ್ದರು. ಅಸಿಯಾತು ಮಾತ್ರ ಒಬ್ಬಳೇ. ಆರು ವರ್ಷದ ಹಿಂದೆ, ಮೀನಿಗೆ ಹೊಗೆ ಹಾಕುವ ಗುಡಿಸಲಿನಲ್ಲಿ, ನಸಿಬೆಕೊ ಮುದುಕಿಯ ಇಬ್ಬರು ಗಂಡುಮಕ್ಕಳು ಕೊಲೆಯಾಗಿ ಬಿದ್ದಿದ್ದರು. ಅದೇ ಬೆಳಿಗ್ಗೆ ಅವರ ದೋಣಿ ನಡೆಸುತ್ತಿದ್ದ ಲಿಕಾಗ್ವಾ, ಅಸಿಯಾತುವಿನ ಗಂಡ, ದೋಣಿ ಸಮೇತ ಮಾಯವಾಗಿದ್ದ. ಪೊಲೀಸರು ಎರಡು ದಿನ ಬಂದು ಬರೆದುಕೊಂಡು ಹೋದರು. ಊರಿಗೆ ಬರೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಕೊಂದವನು ಲಿಕಾಗ್ವಾ, ಸರೋವರದಾಚೆ ಮೊಜಾಂಬಿಕ್ ದಡಕ್ಕೆ ಓಡಿಹೋದ, ಅಷ್ಟೇ.

"ನಿನ್ನ ಗಂಡ ಅಲ್ಲಿ ಎಷ್ಟನೇ ಮದುವೆ ಆದ್ನಂತೆ?" ಎಂದು ಬೋರ್‌ವೆಲ್ ಹತ್ತಿರ ಕೇಳುತ್ತಿದ್ದರು. ಒಂದೊಂದು ದಿನ ಅವಳಿಗೂ ಹೌದೇನೋ ಅನ್ನಿಸುತ್ತಿತ್ತು. ಅವಳನ್ನು ಒಳಗೇ ತಿನ್ನುತ್ತಿದ್ದುದು ಅದು.

ಅವತ್ತು ಅವಳು ಎಲ್ಲರನ್ನೂ ದಾಟಿ ಬಹಳ ದೂರ ಹೋದಳು. ಒಂದು ಹಕ್ಕಿಯ ಸದ್ದಿಲ್ಲ. ಬಿರಿದ ಬಿಳಿ ನೆಲಕ್ಕೆ ಆಕಾಶ ಬಂದು ತಾಗಿತ್ತು, ನಡುವೆ ತಾನೊಬ್ಬಳೇ. ಇಷ್ಟು ದೊಡ್ಡದನ್ನು ನೀರು ಹೇಗೆ ಮುಚ್ಚಿಟ್ಟಿತ್ತು ಎಂದು ಅವಳಿಗೆ ಮೈ ಜುಮ್ಮೆಂದಿತು.

ಅಲ್ಲಿ ಒಂದು ದೋಣಿ ಅರ್ಧ ಹೂತು ನಿಂತಿತ್ತು. ಪಕ್ಕೆಗೆ ಎಣ್ಣೆಡಬ್ಬಿಯ ತಗಡಿನ ತೇಪೆ. ಆ ತಗಡು ಹಿಡಿದುಕೊಂಡವಳು ಅವಳೇ, ಮೊಳೆ ಹೊಡೆದವನು ಅವನು. ಒಳಗೆ ಮೂಳೆಗಳು ಕೆಸರಿನ ಜೊತೆ ಒಣಗಿದ್ದವು. ಸೊಂಟಕ್ಕೆ ಕಟ್ಟಿದ ಬೀಸುಕಲ್ಲಿನ ಹೋಳು. ಮಣಿಕಟ್ಟುಗಳನ್ನು ಬಲೆಯ ಹಗ್ಗ ಇನ್ನೂ ಬಿಗಿಹಿಡಿದಿತ್ತು.

ಅಸಿಯಾತು ಊರಿಗೆ ಮರಳಿ ನೇರ ನಸಿಬೆಕೊ ಮುದುಕಿಯ ಅಂಗಳಕ್ಕೆ ಹೋದಳು. ಮುದುಕಿ ತೊಗರಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅವ್ವಾ, ಅವನು ಸಿಕ್ಕಿದ."

"ಯಾರೇ?"

"ನನ್ನ ಗಂಡ. ಓಡಿಹೋಗಿರ್ಲಿಲ್ಲ ಕಣವ್ವಾ. ಕೈ ಕಟ್ಟಿಬಿಟ್ಟಿದಾರೆ."

ಮುದುಕಿ ಮೊರ ಕೆಳಗಿಟ್ಟಳು. "ಸುಳ್ಳಾದ್ರೆ ನಿನ್ನ ಅಲ್ಲೇ ಹೂತು ಬರ್ತೀನಿ. ನಡಿ."

ಎರಡು ಗಂಟೆಯ ದಾರಿ. ದೋಣಿಯ ಹತ್ತಿರ ಮುದುಕಿ ಮಂಡಿಯೂರಿ, ಆ ಗಂಟನ್ನು ಬೆರಳಿನಿಂದ ತಡವಿ ತಡವಿ ನೋಡಿದಳು.

"ಇದೇ ಗಂಟು. ನನ್ನ ಮಕ್ಕಳ ಕೈಗೂ ಇದನ್ನೇ ಹಾಕಿದ್ರು. ನಾನೇ ಹಲ್ಲಲ್ಲಿ ಕಚ್ಚಿ ಬಿಚ್ಚಿದ್ದು." ಗಂಟಿನಿಂದ ಕೈ ತೆಗೆದು ಅಂದಳು, "ಮೂರು ಜನಕ್ಕೆ ಅಳ್ಬೇಕಿತ್ತಲ್ಲೇ ನಾನು. ಇಬ್ಬರಿಗೇ ಅತ್ತುಬಿಟ್ಟೆ."

"ನಾನೂ ಅವನನ್ನ ಅನುಮಾನಿಸ್ದೆ ಅವ್ವಾ."

"ಹೇಳ್ಕೋ. ಅವನಿಗೇ ಹೇಳ್ಕೋ. ನಾನು ಆ ಕಡೆ ತಿರುಗಿರ್ತೀನಿ."

ಅಸಿಯಾತು ಹೇಳಿಕೊಂಡಳು. ಮುದುಕಿ ತನ್ನ ಹೊದಿಕೆ ಬಟ್ಟೆ ತೆಗೆದು ಮೂಳೆಗಳ ಮೇಲೆ ಹೊದಿಸಿದಳು.

ಮರುದಿನ ಊರಿಗೆ ಊರೇ ಹೊರಟಿತು. ದೋಣಿ ಕಂಡ ಕೂಡಲೇ, ಯಾರೂ ಹೇಳದೆ, ಎಲ್ಲರೂ ಚಪ್ಪಲಿ ಬಿಟ್ಟರು. ಬೋರ್‌ವೆಲ್ ಹತ್ತಿರದ ಬಾಯಿಗಳೆಲ್ಲ ಮುಚ್ಚಿದ್ದವು. ಪೊಲೀಸರು ಮತ್ತೆ ಬಂದರು, ಮತ್ತೆ ಬರೆದುಕೊಂಡರು. ಆ ಗಂಟು ಹಾಕಿದವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಅಂದು ಹೂಳಲು ಗುಂಡಿ ತೋಡಿದವರಲ್ಲೇ ಅವನಿದ್ದನೋ ಏನೋ. ಲಿಕಾಗ್ವಾನನ್ನು ಮುದುಕಿ ತನ್ನ ಮಕ್ಕಳ ಪಕ್ಕದಲ್ಲೇ ಹೂಳಿಸಿದಳು. ಯಾರೂ ಎದುರಾಡಲಿಲ್ಲ.