ದ್ಯಾಮಪ್ಪ ಮಾಡಿದ ಬಾಣಂತನ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಆಳುಗಳಿಗೆ ದ್ಯಾಮಪ್ಪ ಮುಕದ್ದಮ. ಬಾಯಿ ಅಂದರೆ ಅವನದೇ ಬಾಯಿ. ಲಾರಿಯ ಮೇಲೆ ನಿಂತು ಕೂಗಿದನೆಂದರೆ ಕಾಳಿ ಹೊಳೆಯ ಆಚೆ ದಂಡೆಯಲ್ಲಿ ಮೇಯುವ ಎಮ್ಮೆಗಳು ಕತ್ತೆತ್ತಿ ನೋಡುತ್ತಿದ್ದವಂತೆ. ನಾನೇನೂ ನೋಡಿಲ್ಲ, ಆದರೆ ನಂಬುತ್ತೇನೆ. ಪಾಳಿ ಮುಗಿದ ಮೇಲೆ ಆ ಬಾಯಿಗೆ ಬೇರೆ ಉದ್ಯೋಗ. ಕೂಲಿಕಾರರ ಚಾಳಿನ ಮುಂದಿನ ಕಟ್ಟೆಯ ಮೇಲೆ ಕೂತು ದೇಶದ ವಿಚಾರ ಮಾಡುವುದು.

ವಿಚಾರವೆಂದರೆ ಒಂದೇ. ದೇಶಕ್ಕೆ ಮಂದಿ ಬೇಕು.

“ಕಾರ್ಖಾನಿ ಬಂದ್ವು, ರಸ್ತಾ ಬರ್ತಾವ, ಡ್ಯಾಮ್ ಬರ್ತಾವ. ಕಟ್ಟಾವ್ರು ಯಾರ್ರೀ? ಗಡಿ ಕಾಯಾವ್ರು ಯಾರು? ಮಂದಿ ಬೇಕು ಮಂದಿ! ಹಡೀರಿ!” ಎಂದು ತೊಡೆ ತಟ್ಟುತ್ತಿದ್ದ.

ಇದಕ್ಕೆ ಎದುರು ನಿಲ್ಲುವವನು ನಾಗಲಿಂಗಪ್ಪ. ಸೈಕಲ್ಲಿಗೆ ಪಟಗಳ ಸುರುಳಿ ಕಟ್ಟಿಕೊಂಡು ಊರೂರು ತಿರುಗುವ ಕುಟುಂಬ ಯೋಜನೆಯ ಪ್ರಚಾರಕ, ಮೆತ್ತಗಿನ ಮನುಷ್ಯ. “ಎಲ್ಲಾ ಖರೇರಿ ಮುಕದ್ದಮರ, ಹುಟ್ಟಿದಾವ್ರಿಗೆ ಉಣ್ಣಾಕ ಏನ ಕೊಡ್ತೀರಿ? ರೇಶನ್ನಿನ್ಯಾಗ ಅಮೇರಿಕಾದ ಕೆಂಪು ಜೋಳ. ಅದಕ್ಕೂ ಪಾಳಿ ಹಚ್ಚಬೇಕು” ಅನ್ನುತ್ತಿದ್ದ.

“ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನ?” ಎಂದು ದ್ಯಾಮಪ್ಪ ಗುಡುಗಿದರೆ ಕಟ್ಟೆಯೆಲ್ಲ ನಗುತ್ತಿತ್ತು. ನಾಗಲಿಂಗಪ್ಪನಿಗೆ ಮಕ್ಕಳಿರಲಿಲ್ಲ. ಎಷ್ಟು ಸಿಟ್ಟು ಬಂದರೂ ದ್ಯಾಮಪ್ಪ ಆ ಮಾತೊಂದನ್ನು ಎಂದೂ ಆಡಲಿಲ್ಲ. ಜಗಳ ಮುಗಿದ ಮೇಲೆ ಇಬ್ಬರೂ ಒಂದೇ ಕಪ್ಪಿನ ಚಹಾ ಅರ್ಧರ್ಧ ಕುಡಿದು ಏಳುತ್ತಿದ್ದರು.

ದ್ಯಾಮಪ್ಪನಿಗೆ ಮೂವರು ಮಕ್ಕಳು. ಹೆಂಡತಿ ಕೆಂಚವ್ವ ನಾಲ್ಕನೆಯದಕ್ಕೆ ಬಸುರಿ. ಮೂರು ಹೆರಿಗೆಯಲ್ಲಿ ಒಂದನ್ನೂ ಅವನು ಕಣ್ಣಿಂದ ಕಂಡವನಲ್ಲ. ಬಸುರಿಗೆ ಮಾಡುವ ಕುಪ್ಪಸದ ಕಾರ್ಯ ಆದ ಮೇಲೆ ಅವಳ ಅಣ್ಣ ಶಂಕ್ರಪ್ಪ ಮುಂಡಗೋಡದ ಕಡೆಯಿಂದ ಬರುವನು, ತಂಗಿಯನ್ನು ತವರಿಗೆ ಕರೆದೊಯ್ಯುವನು. ಕೆಲವು ತಿಂಗಳ ಮೇಲೆ ಕೆಂಚವ್ವ ಎಣ್ಣೆ ಹಚ್ಚಿದ ಕೂಸನ್ನೆತ್ತಿಕೊಂಡು, ಒಂದು ಡಬ್ಬಿ ಅಂಟಿನುಂಡಿ ಹಿಡಿದುಕೊಂಡು ಬಸ್ಸಿಳಿಯುವಳು. ಕೊಬ್ಬರಿ, ಬೆಲ್ಲ, ತುಪ್ಪದಲ್ಲಿ ಕರಿದ ಅಂಟು ಹಾಕಿದ ಬಾಣಂತಿಯ ಉಂಡೆ. ಡಬ್ಬಿ ಹಿಡಿದು ಚಾಳಿನ ಮನೆಮನೆಗೂ ಹೋಗುವವನು ದ್ಯಾಮಪ್ಪನೇ. “ನಮ್ಮಾಕಿ ತವರಿಂದು. ತಿಂದ ನೋಡ್ರಿ. ತವರ ಅಂದ್ರ ಹಿಂಗಿರಬೇಕು!”

ಈ ಸಲ ಕೆಂಚವ್ವ ಹಟ ಹಿಡಿದಳು. “ನಾ ತವರಿಗೆ ಹೋಗೂದಿಲ್ಲ.”

“ಯಾಕ?”

“ಹೋಗೂದಿಲ್ಲ ಅಂದ್ರ ಹೋಗೂದಿಲ್ಲ.”

ಆ ಹೆಣ್ಣುಮಗಳು ಹಿಂದೆಂದೂ ಹಟ ಮಾಡಿದವಳಲ್ಲ. ಸೊರಗಿದ್ದಳು ಬೇರೆ. ಈಗ ಬಾಣಂತನ ಮಾಡುವವರು ಯಾರು? ದ್ಯಾಮಪ್ಪನ ತಾಯಿ ಸತ್ತು ಬಹಳ ಕಾಲವಾಗಿತ್ತು. ಅಣ್ಣತಂಗಿಯರ ನಡುವೆ ಏನೋ ಮುನಿಸು, ಬಗೆಹರಿಸಿದರಾಯಿತು ಎಂದುಕೊಂಡು ಅವನು ಸಂತೆಯ ದಿನ ಮುಂಡಗೋಡದ ಬಸ್ಸು ಹತ್ತಿದ.

ಶಂಕ್ರಪ್ಪ ಗದ್ದೆಯಲ್ಲಿದ್ದ. ಅವನ ಹೆಂಡತಿ ಸತ್ತೆವ್ವ ನೀರು ಕೊಟ್ಟು ಬಾಗಿಲಲ್ಲಿ ಕೂತಳು. ಮುನಿಸೂ ಇಲ್ಲ, ಗಿನಿಸೂ ಇಲ್ಲ, ಬಾಯಿ ತುಂಬ ಮಾತು.

“ಬರ್ಲಿ ಬಿಡ್ರಿ ಅಣ್ಣಾರ, ನಮಗೂ ಆಸರ ಆಗ್ತೈತಿ. ಕೆಂಚವ್ವನಂಥಾ ದುಡಿಯಾಕಿನ್ನ ನಾ ಎಲ್ಲೂ ಕಂಡಿಲ್ಲ. ಹ್ವಾದ ಸಲ ಕೂಸಿನ ಹೆಸರಿಟ್ಟ ಮರುದಿನಾನ ಬೀಸುಕಲ್ಲಿಗೆ ಕುಂತಳು ನೋಡ್ರಿ, ತೊಟ್ಟಿಲದ ಹಗ್ಗ ಕಾಲ್ಬೆರಳಿಗೆ ಕಟಗೊಂಡು! ಆ ಉಂಡಿನೂ ಆಕೀನ ಕುಟ್ಟಿ ಕಟ್ಟಿದ್ದು. ‘ನಮ್ಮವರು ಓಣಿ ತುಂಬಾ ಹಂಚತಾರವ್ವಾ, ಬರಿಗೈಲೆ ಹೆಂಗ ಹೋಗ್ಲಿ’ ಅಂದ್ಲು.”

ದ್ಯಾಮಪ್ಪನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. “ಹಸಿ ಬಾಣಂತಿ ಬೀಸೂದು… ನೀ ನೋಡಿಕೋತ ಸುಮ್ಮ ಕುಂತಿದ್ದೆನ?”

ಸತ್ತೆವ್ವನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. “ಅತ್ತಿ ಇರೂತನ ಆಕಿ ಬಾಣಂತನ ಅತ್ತಿ ಮಾಡಿದ್ರು, ಮೊದಲನೇ ಕೂಸಿಂದು. ಅವರು ಹ್ವಾದ ಮ್ಯಾಲ ಯಾರದಾರ? ನನಗೂ ಮಕ್ಕಳದಾವ ಅಣ್ಣಾರ, ಗದ್ದಿ ಐತಿ, ದನ ಅದಾವ. ನನ್ನ ಬಾಣಂತನ ಯಾರ ಮಾಡ್ಯಾರ, ಕೇಳೀರೇನು ಒಮ್ಮೆರ?”

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಅವಳ ಕೈ ನೋಡಿದ. ಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಒಣಗಿತ್ತು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡು ಎದ್ದು ಬಂದ.

ಹಳಿಯಾಳ ದಾಟಿ ಬಸ್ಸು ದಾಂಡೇಲಿ ಮುಟ್ಟುವವರೆಗೆ ಯಾರ ಹತ್ತಿರವೂ ಮಾತಾಡಲಿಲ್ಲ. ದ್ಯಾಮಪ್ಪ! ಬಸ್ಸಿನಲ್ಲಿ! ಮಾತಿಲ್ಲದೆ! ಥೂ ನಿನ್ನ ಬಾಯಿಗಿಷ್ಟು ಬೂದಿ ಹಾಕ, ಎಂದು ತನ್ನನ್ನೇ ಬೈದುಕೊಂಡ. ದೇಶಕ್ಕೆ ಮಂದಿ ಕೊಟ್ಟೆ ಎಂದು ಎದೆ ಸೆಟೆಸಿ ತಿರುಗಿದವನು ತಾನು, ಹಸಿ ಮೈಯಲ್ಲಿ ಬೀಸುಕಲ್ಲಿಗೆ ಕೂತವಳು ಅವಳು.

ಮನೆಗೆ ಬಂದವನೇ ಕೇಳಿದ. “ಯಾಕ ನನಗ ಹೇಳ್ಲಿಲ್ಲ ನೀ?”

ಕೆಂಚವ್ವನಿಗೆ ಎಲ್ಲ ಅರ್ಥವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು. “ಹೆಂಗ ಹೇಳ್ಲಿರಿ? ನೀವು ಡಬ್ಬಿ ಹಿಡಕೊಂಡು ಹಂಗ ಸಂಭ್ರಮದಾಗ ತಿರಗತಿದ್ರಿ. ಅವ್ವ ಹ್ವಾದ ಮ್ಯಾಲೂ ನನಗೊಂದು ತವರೈತಿ ಅಂತ ನಾಕ ಮಂದಿ ಅಂತಿದ್ರು. ಅದನ್ನೂ ಕಳಕೊಳ್ಳಾಕ ಮನಸಾಗಲಿಲ್ಲ. ಈ ಸಲ ಮಾತ್ರ ಮೈಯಾಗ ತ್ರಾಣಿಲ್ಲ ನೋಡ್ರಿ. ಹೋದ್ರ ತಿರುಗಿ ಬರ್ತೇನೋ ಇಲ್ಲೋ ಅಂತ ಅಂಜಿಕಿ.”

ದ್ಯಾಮಪ್ಪ ಅವಳ ಹತ್ತಿರ ಕೂತ. “ಆತು. ಬಾಣಂತನ ನಾನ ಮಾಡ್ತೇನಿ.”

“ಅಯ್ಯ ಶಿವನೇ! ಗಂಡಸು ಬಾಣಂತನ ಮಾಡಿದ್ದು ಎಲ್ಲಿ ಕೇಳೀರಿ?”

“ಇಲ್ಲೇ ಕೇಳು. ಬಾಯಿ ಐತಲ್ಲ, ಹುಸೇನಬೀನ ಕೇಳಿ ಕಲೀತೇನಿ.”

ಹುಸೇನಬಿ ಹಳಿಯಾಳದ ಕಡೆಯ ಸಿದ್ದಿ ಹೆಂಗಸು, ಚಾಳಿಗೆಲ್ಲ ಸೂಲಗಿತ್ತಿ. ದಿನ ತುಂಬಿ ಗಂಡು ಕೂಸು ಹೊರಬಂದಾಗ ಬಾಗಿಲು ತೆರೆದು, “ಭಾಯಿ, ನನ್ನ ಕೆಲಸ ಆತು. ಈಗ ನಿನ್ನದು. ಅಂಗಿ ತೆಗದು ಇಡು, ನೀರು ಕಾಸು” ಅಂದಳು.

ಕಾರ್ಖಾನೆಯಲ್ಲಿ ಕೂಡಿಬಿದ್ದಿದ್ದ ರಜೆಯನ್ನೆಲ್ಲ ದ್ಯಾಮಪ್ಪ ತೆಗೆದುಕೊಂಡ. ನಸುಕಿನಲ್ಲೇ ಎದ್ದು ಹಂಡೆ ತುಂಬುವುದು, ಒಲೆ ಊದುವುದು. ಕಣ್ಣೆಲ್ಲ ಕೆಂಪು. ಹುಸೇನಬಿ ಬಾಣಂತಿಗೆ ಎರೆದರೆ ಇವನು ಹೊರಗಿನಿಂದ ಬಿಸಿನೀರು ಸರಿಸಬೇಕು. ಮೊದಲ ದಿನ ಕೂಸನ್ನು ಎತ್ತಿದಾಗ ಅವಳು ಚೀರಿದಳು, “ಅರೇ, ಅದು ಬಿದಿರಲ್ಲೋ, ಕೂಸು! ಕುತ್ತಿಗಿ ಹಿಡಿ!” ಅಂಟು ಕರಿಯಲು ಹೋಗಿ ಎರಡು ಸಲ ಸುಟ್ಟ. ಮೂರನೆಯ ಸಲ ಕಟ್ಟಿದ ಉಂಡೆಗಳು ಒಡೆಯಲು ಕಲ್ಲೇ ಬೇಕಿತ್ತು. ಕೆಂಚವ್ವ ಒಂದನ್ನು ಬಾಯಲ್ಲಿಟ್ಟುಕೊಂಡು ಮಧ್ಯಾಹ್ನದ ತನಕ ಚೀಪಿದಳು, ಚೆನ್ನಾಗಿಲ್ಲ ಅನ್ನಲಿಲ್ಲ.

ನಳದ ಹತ್ತಿರ ಅವನು ಕೂಸಿನ ಅರಿವೆ ಒಗೆಯಲು ಕೂತರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಗಂಡಸರಿಗೆ ಆ ಮರ್ಯಾದೆಯೂ ಇಲ್ಲ. “ಮುಕದ್ದಮ ಹಡದಾನಂತಲೇ!”

“ಹೌದಲೇ, ಹಡದೇನಿ! ಬಾಣಂತಿ ಮುಂದ ಗದ್ಲ ಮಾಡಬ್ಯಾಡ್ರಿ, ನಡೀರಿ!” ಎಂದು ಹಿಂಡಿದ ಅರಿವೆಯನ್ನು ಅವರ ಮುಖಕ್ಕೇ ಕೊಡವುತ್ತಿದ್ದ.

ಒಂದು ದಿನ ನಾಗಲಿಂಗಪ್ಪ ಸೈಕಲ್ಲು ನಿಲ್ಲಿಸಿ, ನಗು ತಡೆಯಲಾರದೆ ಕೇಳಿದ. “ಏನ್ರಿ ಮುಕದ್ದಮರ, ದೇಶಕ್ಕ ಮಂದಿ ಬೇಕೋ ಬ್ಯಾಡೋ?”

“ಬೇಕು. ಆದ್ರ ಬರೇ ಹಡೀರಿ ಅಂದ ನಾನೂ ಹುಚ್ಚ, ಬರೇ ಸಾಕ ಮಾಡ್ರಿ ಅನ್ನೂ ನೀವೂ ಹುಚ್ಚರು. ನಿಮ್ಮ ಪಟದಾಗ ಗಂಡ, ಹೇಂತಿ, ಮಕ್ಕಳು ನಕ್ಕೋತ ನಿಂತಾರ. ಅರಿವಿ ಒಗಿಯಾವ್ರು ಯಾರಂತ ಅದರಾಗ ಎಲ್ಲೈತಿ?” ಅಂದ ದ್ಯಾಮಪ್ಪ. ನಾಗಲಿಂಗಪ್ಪ ನಗುವುದನ್ನು ಬಿಟ್ಟು ಅಂಗಿಯ ತೋಳು ಮಡಚಿ ಒಂದು ಬಕೆಟ್ಟು ಎತ್ತಿಕೊಂಡ.

ದಿನ ಕಳೆದಂತೆ ಕೆಂಚವ್ವನ ಕೆನ್ನೆ ತುಂಬಿಕೊಂಡಿತು. ಮಧ್ಯಾಹ್ನ ಅವಳು ನಿದ್ದೆ ಹೋದಾಗ ದ್ಯಾಮಪ್ಪ ಸುಮ್ಮನೆ ನೋಡುತ್ತ ಕೂರುತ್ತಿದ್ದ. ಇಷ್ಟು ವರ್ಷ ಸಂಸಾರ ಮಾಡಿಯೂ ಅವಳು ನಿದ್ದೆ ಮಾಡಿದ್ದನ್ನು ಅವನು ನೋಡಿರಲಿಲ್ಲ. ಅವನು ಮಲಗಿದ ಮೇಲೆ ಮಲಗಿ, ಏಳುವುದಕ್ಕೆ ಮುಂಚೆ ಏಳುವವಳು. ಎಷ್ಟು ಚೆಂದ ಇದ್ದಾಳಲ್ಲ ಇವಳು, ಅನ್ನಿಸಿ ಅವನಿಗೆ ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ಉಕ್ಕಿ ಬಂದವು.

ಅಂಥದೊಂದು ಮಧ್ಯಾಹ್ನ ಅವಳು ಕಣ್ಣು ಬಿಟ್ಟು, ಅವನು ಕೂಸಿಗೆ ಎಣ್ಣೆ ತಿಕ್ಕುವುದನ್ನು ನೋಡುತ್ತ ಅಂದಳು. “ಹಿಂಗ ನೋಡಿಕೊಳ್ಳಾವ್ರಿದ್ರ ಇನ್ನೊಂದ ಹಡದ್ರೂ ಹಡೀಬಹುದು ಅನಸ್ತೈತಿ ನೋಡ್ರಿ.”

ದ್ಯಾಮಪ್ಪನ ಜೀವವೇ ಹಾರಿತು. ಎಣ್ಣೆಯ ಕೈಯನ್ನೇ ಜೋಡಿಸಿದ. “ಬ್ಯಾಡ ಮಾರಾಯ್ತಿ, ಕೈ ಮುಗೀತೇನಿ! ಸಾಕು. ನಾಳೇನ ನಾಗಲಿಂಗಪ್ಪನ್ನ ಕಂಡು ಬರ್ತೇನಿ.”

ಕೆಂಚವ್ವ ನಕ್ಕಳು. ನಗುನಗುತ್ತಲೇ ಅವಳ ಮುಖ ಗಂಭೀರವಾಯಿತು. “ಹಡಿ ಅಂತ ಹೇಳಿದಾವ್ರೂ ನೀವ. ಈಗ ಸಾಕ ಅಂತ ಹೇಳಾವ್ರೂ ನೀವ. ಒಮ್ಮೆರ ನನ್ನ ಕೇಳ್ರಿ.”

ದ್ಯಾಮಪ್ಪ ಕೂಸನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಅವಳ ಎದುರಿಗೆ ಬಂದು ಕೂತ.

“ಖರೆ ಐತಿ. ನೀ ಹೇಳು. ನೀ ಏನಂತಿ?”

ಅವಳ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಕೌದಿ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

“ಈಗ ನಿದ್ದಿ ಬಂದೈತ್ರಿ. ಎದ್ದ ಮ್ಯಾಲ ಹೇಳ್ತೇನಿ.”

“ಆತು, ಮಕ್ಕೋ” ಎಂದು ದ್ಯಾಮಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, ಅವಳು ಏಳುವುದನ್ನೇ ಕಾಯುತ್ತ ಕೂತ.