ಏಕಾದಶಿ ಮಾಡಿದ ಮೊಲ

ನಾನೊಂದು ಮೊಲ. ಹೆದರುಪುಕ್ಕಲ ಎಂದು ನಗಬೇಡಿ, ಕಣ್ಣು ತೆರೆಯುವ ಮೊದಲೇ ನಡುಗಲು ಕಲಿತವನು ನಾನು. ಹುಟ್ಟಿದ್ದು ಧಾರವಾಡದ ಹತ್ತಿರ, ಮೊಲ ಸಾಕುವವರ ಗೂಡಿನಲ್ಲಿ. ಎರಡು ತಿಂಗಳಾದಾಗ ರುಕ್ಮಾಬಾಯಿ ಅಜ್ಜಿ ನನ್ನನ್ನು ಮನೆಗೆ ತಂದಳು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಭಯವಾಗಿದ್ದು ಅವಳ ಭಕ್ತಿಯಿಂದ!

ಆಷಾಢ ಏಕಾದಶಿಯ ಹಿಂದಿನ ಸಂಜೆ ಅಜ್ಜಿ ನನ್ನ ಹುಲ್ಲು ಎತ್ತಿಟ್ಟಳು.

"ಅತ್ಯಾರ, ಅದಕ್ಯಾಕ್ರಿ ಉಪವಾಸ?" ಎಂದಳು ಸೊಸೆ ವೈಜಯಂತಿ.

"ಇರ್ಲಿ ಬಿಡ. ಮುಂದಿನ ಜನ್ಮಕ್ಕರ ಪುಣ್ಯ ಬರ್ತದ."

ಅಯ್ಯೋ, ಈ ಜನ್ಮದ ಗತಿ? ಮೊದಮೊದಲು ನಮ್ಮ ಜಾತಿಯ ಗುಟ್ಟಿನ ಊಟ ನಡೆಯಿತು. ನಮ್ಮದೇ ಮೆತ್ತನೆಯ ಹಿಕ್ಕೆಯನ್ನು ನಾವೇ ತಿನ್ನುತ್ತೇವೆ, ನಾಚಿಕೆಯೇನಿಲ್ಲ. ಮರುದಿನ ಅದೂ ನಿಂತಿತು. ಹೊಟ್ಟೆ ಖಾಲಿಯಾಗಲಿಲ್ಲ, ಕಲ್ಲಾಯಿತು. ಸದಾ ಒಳಗೆ ಕೇಳುತ್ತಿದ್ದ ಗುಡುಗುಡು ಸದ್ದು ಅಡಗಿತು. ಸತ್ತೇ ಹೋಗುತ್ತೇನೆ ಎಂದು ಮೂಲೆಯಲ್ಲಿ ಮುದುಡಿ ಕುಳಿತೆ.

ದ್ವಾದಶಿಯ ಬೆಳಿಗ್ಗೆ ಅಜ್ಜಿ ಹಸಿ ಗರಿಕೆ ಮುಂದಿಟ್ಟಳು. ಮೂಸಲೂ ಆಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಆಟೋ ಹತ್ತಿ ದನದ ದವಾಖಾನೆಗೆ ಓಡಿದಳು.

ಡಾಕ್ಟರ್ ಹೊಸಮನಿ ನನ್ನ ಹೊಟ್ಟೆಗೆ ನಳಿಗೆಯಿಟ್ಟು ಆಲಿಸಿದರು.

"ಅಜ್ಜಿ, ಮೊಲದ ಹೊಟ್ಟಿ ಎಂದೂ ಖಾಲಿ ಆಗಂಗಿಲ್ರಿ. ಮ್ಯಾಲಿಂದ ಹುಲ್ಲು ಹೋದ್ರ ಒಳಗಿಂದು ಮುಂದ ಸರೀತದ. ನೀವು ನಿಲ್ಸಿದ್ರಿ, ಅದು ಒಣಗಿ ಗಟ್ಟಿ ಆಗೇದ. ಸಂಜೀತನ ಹಿಕ್ಕಿ ಬೀಳಲಿಲ್ಲಂದ್ರ ಕಷ್ಟ ಅದ."

ಅಜ್ಜಿ ನನಗೆ ಸೂಜಿಮದ್ದು ಹಾಕಿಸಿ ಮನೆಗೆ ತಂದಳು. ಉಪವಾಸ ಮುರಿಯುವ ಪಾರಣೆಯ ಹೊತ್ತು ಮೀರುತ್ತಿತ್ತು. ವೈಜಯಂತಿ ಎಲೆ ಹಾಕಿ ಕರೆದಳು.

"ಇದರ ಹೊಟ್ಟಿ ನಡೀದ ನನಗ ಪಾರಣಿ ಬ್ಯಾಡ."

ಮಡಿಸೀರೆಯ ಮಡಿಲಲ್ಲಿ ನನ್ನನ್ನಿಟ್ಟುಕೊಂಡು ಹೊಟ್ಟೆ ನೀವುತ್ತಾ, ಹನಿಹನಿಯಾಗಿ ಗಂಜಿ ಕುಡಿಸಿದಳು. ಗಳಿಗೆಗೊಮ್ಮೆ ಬಗ್ಗಿ ನನ್ನ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ನನಗಿಂತ ಹೆಚ್ಚು ಹೆದರಿದವರನ್ನು ನಾನು ಅಂದೇ ಮೊದಲು ನೋಡಿದ್ದು.

ದೀಪ ಹಚ್ಚುವ ಹೊತ್ತಿಗೆ ಹೊಟ್ಟೆಯಲ್ಲಿ ಗುಳುಕ್ ಎಂದಿತು. ಒಂದು ಹಿಕ್ಕೆ, ಸಣ್ಣದು, ಆ ಮಡಿಸೀರೆಯ ಮೇಲೆಯೇ ಬಿತ್ತು. ಕಾಗೆ ಮುಟ್ಟಿದರೂ ತಲೆಗೆ ನೀರು ಹಾಕಿಕೊಳ್ಳುವ ಅಜ್ಜಿ ಅದನ್ನು ಬೆರಳಲ್ಲಿ ಎತ್ತಿ ಹಿಡಿದು, "ವೈಜಯಂತೀ, ಬಿತ್ತು ನೋಡs!" ಎಂದು ಕೂಗಿ ಅತ್ತುಬಿಟ್ಟಳು.

ಈಗ ನನಗೆ ಏಳು ವರ್ಷ, ಮುದುಕ. ಏಕಾದಶಿ ಬಂದರೆ ಇಂದಿಗೂ ಎದೆ ಡವಗುಟ್ಟುತ್ತದೆ. ನೆರೆಮನೆಯವರು "ನಿಮ್ಮ ಮೊಲದ್ದೂ ಉಪವಾಸ ಏನ್ರಿ?" ಎಂದು ಕೇಳಿದರೆ, ಬರೀ ಹೊಟ್ಟೆಯ ಅಜ್ಜಿ ನನಗೆ ಹುಲ್ಲು ಹಾಕುತ್ತಲೇ ಹೇಳುತ್ತಾಳೆ:

"ಅದಕ್ಕ ತಿನ್ನೂದs ವ್ರತ."